ಕಬ್ಬಿನ ತರಗಿನಿಂದ ಪೆಲೆಟ್ ಮಾಡಿ ಮಾರಬಹುದಾ? ಮಾಡಬಹುದು, ಆದರೆ ತರಗೊಂದನ್ನೇ ನಂಬಬೇಡಿ

ನೀವು ಕೇಳಿರುವುದು ಎರಡು ವಿಷಯ. ಮಂಡ್ಯದ ಸುತ್ತ ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ, ಅಂದರೆ ತರಗಿಗೆ ಬೆಂಕಿ ಹಾಕುತ್ತಾರಲ್ಲ, ಅದನ್ನು ತಂದು ಪುಡಿ ಮಾಡಿ, ಒತ್ತಿ, ಉರಿಸುವ ಚಿಕ್ಕ ಗುಳಿಗೆ (ಪೆಲೆಟ್) ಮಾಡಿ ಮಾರಿದರೆ ಗಿಟ್ಟುತ್ತದಾ ಅಂತ ಒಂದು. ಡೀಸೆಲ್, ಗ್ಯಾಸ್, ಕಲ್ಲಿದ್ದಲಿಗೆ ಇದು ನಿಜವಾದ ಬದಲಿಯಾ, ಇಲ್ಲಾ ಸುಮ್ನೆ ಪ್ರಚಾರವಾ ಅಂತ ಇನ್ನೊಂದು. ನಾನು ಮೈಸೂರಿನ ಕಡಕೊಳ ಕಡೆ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಊರು ಮದ್ದೂರು ತಾಲ್ಲೂಕು, ಮನೆಯಲ್ಲಿ ಈಗಲೂ ಕಬ್ಬು ಹಾಕುತ್ತೇವೆ. ತರಗನ್ನು ಗದ್ದೆಯಲ್ಲೂ ನೋಡಿದ್ದೇನೆ, ಬಾಯ್ಲರ್ ಬಾಯಲ್ಲೂ ನೋಡಿದ್ದೇನೆ. ಮಿಷನ್ ಮಾರುವವನಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳಬಹುದು.

ಎರಡನೆಯದನ್ನೇ ಮೊದಲು ನೋಡೋಣ. ಶಾಖ ಬೇಕಾದ ಕಡೆ ಇದು ನಿಜವಾದ ಬದಲಿಯೇ. ಆವಿ ಬೇಕಾದ ಬಟ್ಟೆ ಕಾರ್ಖಾನೆ, ಡೇರಿ, ಔಷಧಿ ಘಟಕ, ದೊಡ್ಡ ಅಡುಗೆಮನೆ ಇಲ್ಲೆಲ್ಲ ನಡೆಯುತ್ತದೆ. ಗಾಡಿ ಓಡಿಸೋಕೆ ಆಗುವುದಿಲ್ಲ. ಸಣ್ಣ ಮಟ್ಟದಲ್ಲಿ ಕರೆಂಟ್ ಮಾಡೋಕೂ ಇದಕ್ಕಿಂತ ಸೋಲಾರ್ ಸುಲಭ.

ಲೆಕ್ಕ ಹೀಗಿದೆ. ಮರದ ಹೊಟ್ಟಿನ ಒಳ್ಳೆಯ ಪೆಲೆಟ್ ಒಂದು ಕೆಜಿಗೆ 4,000 ಕಿಲೋಕ್ಯಾಲರಿಗಿಂತ ಜಾಸ್ತಿ ಕೊಡುತ್ತದೆ. ಬೆಳೆ ಕಸದ್ದು 3,200ರಿಂದ 3,800. ನಮ್ಮ ದೇಶದ ಸಾಧಾರಣ ಕಲ್ಲಿದ್ದಲೂ ಹೆಚ್ಚೂಕಡಿಮೆ ಅಷ್ಟೇ. ಡೀಸೆಲ್ ಲೀಟರಿಗೆ 8,500ರ ಹತ್ತಿರ. ಡೀಸೆಲ್ ಬಾಯ್ಲರ್ ಅದರಲ್ಲಿ 85 ಪರ್ಸೆಂಟ್ ಶಾಖವನ್ನು ನೀರಿಗೆ ಮುಟ್ಟಿಸಿದರೆ, ಸೌದೆ, ಪೆಲೆಟ್ ಉರಿಸುವ ಚಿಕ್ಕ ಬಾಯ್ಲರ್ 70ರ ಆಸುಪಾಸು ಮುಟ್ಟಿಸುತ್ತದೆ. ಇದನ್ನೆಲ್ಲ ಸೇರಿಸಿದರೆ ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ಸುಮಾರು 3 ಕೆಜಿ ಪೆಲೆಟ್ ಬೇಕು. ಆ 3 ಕೆಜಿಯ ಬೆಲೆ ಒಂದು ಲೀಟರ್ ಡೀಸೆಲ್‌ನ ಅರ್ಧವೂ ಆಗುವುದಿಲ್ಲ. ನಮ್ಮ ಕಡೆ ಕಾರ್ಖಾನೆಯವರು ಡೀಸೆಲ್, ಫರ್ನೆಸ್ ಆಯಿಲ್ (ಬಾಯ್ಲರ್‌ಗೆ ಉರಿಸುವ ಮಂದ ಎಣ್ಣೆ) ಬಿಟ್ಟು ಬ್ರಿಕೆಟ್ (ಪೆಲೆಟ್‌ನ ಹಾಗೇ ಒತ್ತಿ ಮಾಡಿದ ದಪ್ಪ ಉರುಳೆ), ಪೆಲೆಟ್‌ಗೆ ಬರುವುದು ಪರಿಸರದ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ. ಬರುವುದು ಈ ಲೆಕ್ಕ ನೋಡಿಯೇ.

ಕಲ್ಲಿದ್ದಲಿನ ಎದುರು ಮಾತ್ರ ಈ ಲೆಕ್ಕ ನಿಲ್ಲುವುದಿಲ್ಲ. ಅಷ್ಟೇ ಶಾಖಕ್ಕೆ ಪೆಲೆಟ್ ದುಬಾರಿ. ಅದಕ್ಕೇ ಸರ್ಕಾರ ನಿಯಮ ಮಾಡಿ, ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಸ್ಥಾವರಗಳಿಗೆ ಪೆಲೆಟ್ ಬೆರೆಸಿ ಅನ್ನಬೇಕಾಯಿತು. 2017ರಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ದೆಹಲಿ ಹತ್ತಿರದ ದಾದ್ರಿಯಲ್ಲಿ ಕಲ್ಲಿದ್ದಲಿನ ಜೊತೆ ಪೆಲೆಟ್ ಬೆರೆಸಿ ಉರಿಸಿ ನೋಡಿತು. 2021ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಸಮರ್ಥ್ ಅನ್ನುವ ಯೋಜನೆ ಶುರು ಮಾಡಿತು. 2023ರಲ್ಲಿ ನಿಯಮ ತಿದ್ದಿ 2024-25ಕ್ಕೆ 5 ಪರ್ಸೆಂಟ್, ಮುಂದಿನ ವರ್ಷದಿಂದ 7 ಪರ್ಸೆಂಟ್ ಅಂತ ಗುರಿ ಇಟ್ಟರು. ಮಿಷನ್ ಮಾರುವವರು ನಿಮಗೆ ಇದನ್ನೇ ತೋರಿಸಿ ಆಸೆ ಹುಟ್ಟಿಸುತ್ತಾರೆ. ಆದರೆ ನಮ್ಮ ರಾಜ್ಯದ ದೊಡ್ಡ ಕಲ್ಲಿದ್ದಲು ಸ್ಥಾವರಗಳು ಇರುವುದು ರಾಯಚೂರು, ಬಳ್ಳಾರಿ, ವಿಜಯಪುರ, ಉಡುಪಿ ಕಡೆ. ಮಂಡ್ಯದಿಂದ ಅಲ್ಲಿಗೆ ಲಾರಿ ಕಳಿಸಿ ಏನು ಉಳಿಯುತ್ತದೆ ಅಂತ ನೀವೇ ಕೂತು ನೋಡಿ. ನಿಮ್ಮ ಗಿರಾಕಿ ನಂಜನಗೂಡು, ಕಡಕೊಳ, ಮೈಸೂರಿನ ಹೆಬ್ಬಾಳ, ಗೆಜ್ಜಲಗೆರೆಯ ಕಾರ್ಖಾನೆಗಳಲ್ಲಿ ಸಿಗಬೇಕು.

ಪರಿಸರದ ವಿಷಯ. ಪೆಲೆಟ್ ಉರಿದಾಗಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಬರುವುದಿಲ್ಲ ಅನ್ನುವವರ ಮಾತು ನಂಬಬೇಡಿ. ಆದರೆ ಅದು ಹೋದ ವರ್ಷ ಕಬ್ಬು ಗಾಳಿಯಿಂದ ಎಳೆದುಕೊಂಡದ್ದು, ಮುಂದಿನ ಕೂಳೆ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಗದ್ದೆಯಲ್ಲಿ ಹೇಗೂ ಸುಟ್ಟುಹೋಗುವುದನ್ನು ಬಾಯ್ಲರ್‌ನಲ್ಲಿ ಸುಟ್ಟರೆ ಅಷ್ಟು ಡೀಸೆಲ್ ಉಳಿಯಿತು, ಅಲ್ವಾ? ಗಂಧಕವೂ ಫರ್ನೆಸ್ ಆಯಿಲ್‌ಗಿಂತ ಎಷ್ಟೋ ಕಡಿಮೆ. ಒಂದು ಟನ್ ಪೆಲೆಟ್ ಮಾಡೋಕೆ ಪುಡಿ ಮಾಡುವುದರಿಂದ ಹಿಡಿದು ತಣಿಸುವ ತನಕ ಸುಮಾರು 100ರಿಂದ 150 ಯೂನಿಟ್ ಕರೆಂಟ್ ಹೋಗುತ್ತದೆ. ಆ ಕರೆಂಟ್ ಪೂರಾ ಕಲ್ಲಿದ್ದಲಿನದೇ ಅಂದುಕೊಂಡರೂ, ಅದಕ್ಕೆ ಸುಟ್ಟ ಶಾಖ ಪೆಲೆಟ್‌ನಲ್ಲಿರುವ ಶಾಖದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಬರುತ್ತದೆ. ಹಸಿ ಮಾಲು ತಂದು ಬೆಂಕಿ ಹಾಕಿ ಒಣಗಿಸಿದರೆ ಈ ಲೆಕ್ಕ ಕೆಡುತ್ತದೆ. ಪೆಲೆಟ್‌ಗೆ ಅಂತಲೇ ಮರ ಕಡಿದರೆ ಪೂರ್ತಿ ಕೆಡುತ್ತದೆ.

ಈಗ ತರಗಿಗೆ ಬರೋಣ. ಪೆಲೆಟ್ ಅಂದರೆ ಒಣ ಪುಡಿಯನ್ನು 6ರಿಂದ 8 ಮಿಲಿಮೀಟರ್ ತೂತುಗಳ ಉಕ್ಕಿನ ಡೈನೊಳಗೆ ರೋಲರ್‌ನಿಂದ ಒತ್ತಿ ತೂರಿಸುವುದು. ಒತ್ತಡಕ್ಕೆ ಬಿಸಿಯಾಗಿ ಗಿಡದೊಳಗಿನ ಲಿಗ್ನಿನ್ ಮೆತ್ತಗಾಗಿ ತಾನೇ ಅಂಟಿನ ಕೆಲಸ ಮಾಡುತ್ತದೆ. ಬೇರೆ ಅಂಟು ಸಾಮಾನ್ಯವಾಗಿ ಬೇಕಿಲ್ಲ. ಬೇಕಾಗಿರುವುದು ಹದ. ತೇವ 10ರಿಂದ 15 ಪರ್ಸೆಂಟ್ ಒಳಗೆ ಇರಬೇಕು. ಜಾಸ್ತಿಯಾದರೆ ಹೊರಗೆ ಬಂದ ತಕ್ಷಣ ಉದುರುತ್ತದೆ, ತೀರಾ ಕಡಿಮೆಯಾದರೆ ಡೈ ಕಟ್ಟಿಕೊಳ್ಳುತ್ತದೆ.

ಮಂಡ್ಯದ ಕಷ್ಟ ಇಲ್ಲೇ ಶುರು. ನಮ್ಮ ಸಕ್ಕರೆ ಕಾರ್ಖಾನೆಗಳು ಅರೆಯೋಕೆ ಶುರು ಮಾಡುವುದೇ ಜೂನ್, ಜುಲೈ ಹೊತ್ತಿಗೆ. ಆಷಾಢದ ಗಾಳಿ, ಜಡಿಮಳೆ, ಮೇಲೆ ನಾಲೆ ನೀರು. ತರಗು ನೆಲದಲ್ಲಿ ಹಾಸಿಕೊಂಡಿರುತ್ತದೆ, ಅಡಿಯದು ಒಣಗುವುದೇ ಇಲ್ಲ. ಎಳೆದು ತಂದರೆ ಮಣ್ಣೂ ಜೊತೆಗೆ ಬರುತ್ತದೆ. ಬಿಡಿ ತರಗು ಪೆಲೆಟ್‌ನ ಹತ್ತರಲ್ಲಿ ಒಂದು ಭಾಗದಷ್ಟೂ ಒತ್ತಾಗಿ ಕೂರುವುದಿಲ್ಲ. ಟ್ರ್ಯಾಕ್ಟರ್ ನೋಡೋಕೆ ಬೆಟ್ಟದ ಹಾಗಿರುತ್ತದೆ, ತೂಕಕ್ಕೆ ಹಾಕಿದರೆ ಬೇಜಾರಾಗುತ್ತದೆ. ಬೇಲರ್‌ನಲ್ಲಿ (ಒತ್ತಿ ಪೆಂಡಿ ಕಟ್ಟುವ ಯಂತ್ರ) ಕಟ್ಟಿಸದೆ ಹತ್ತು ಹದಿನೈದು ಕಿಲೋಮೀಟರ್ ದಾಟಿ ತರಬೇಡಿ.

ಆಮೇಲೆ ಬೂದಿ. ಸಾಮಿಲ್ ಹೊಟ್ಟಿನಲ್ಲಿ 1, 2 ಪರ್ಸೆಂಟ್ ಬೂದಿ ಇದ್ದರೆ ಹೆಚ್ಚು. ತರಗಿನಲ್ಲಿ ಚೊಕ್ಕಟವಾಗಿದ್ದರೂ 5ರ ಮೇಲೆ, ಮಣ್ಣು ಸೇರಿದರೆ 10 ದಾಟುತ್ತದೆ. ಭತ್ತದ ಹೊಟ್ಟು ಇನ್ನೂ ಜಾಸ್ತಿ, 15ರಿಂದ 20. ಬರೀ ಬೂದಿಯಾದರೆ ಗೋರಿ ಹಾಕಬಹುದು. ತರಗಿನಲ್ಲಿರುವ ಪೊಟ್ಯಾಷ್ ಮರಳಿನ ಅಂಶದ ಜೊತೆ ಸೇರಿ ಒಲೆಯೊಳಗೆ ಕರಗಿ ಕಿಟ್ಟ ಕಟ್ಟುತ್ತದೆ. ಒಂದು ಸಲ ನಮ್ಮ ಸಪ್ಲೈಯರ್ ಹೇಳದೆ ಕೇಳದೆ ತರಗಿನ ಪೆಲೆಟ್ ಇಳಿಸಿ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಆವಿ ಒತ್ತಡ ಏರುತ್ತಲೇ ಇಲ್ಲ. ಬಾಗಿಲು ತೆಗೆದು ನೋಡಿದರೆ ಗ್ರೇಟ್ (ಬೆಂಕಿ ಕೂರುವ ಕಬ್ಬಿಣದ ಜಾಲರಿ) ಮೇಲೆ ಹಸಿರು ಮಿಶ್ರಿತ ಬೂದು ಬಣ್ಣದ ಗಾಜಿನಂಥ ಗಡ್ಡೆ, ಅಂಗೈಯಷ್ಟು ದಪ್ಪ. ಗಾಳಿ ಬರುವ ಕಂಡಿಗಳೆಲ್ಲ ಮುಚ್ಚಿಹೋಗಿದ್ದವು. ಸಲಾಕೆ ಹಾಕಿ ಎಬ್ಬಿಸಿದರೆ ಠಣ್ ಅನ್ನುತ್ತದೆ, ಬಿಡುವುದಿಲ್ಲ. ಬೆಂಕಿ ಇಳಿಸಿ, ತಣ್ಣಗಾಗೋಕೆ ಬಿಟ್ಟು, ಒಡೆದು ತೆಗೆಯಬೇಕಾಯಿತು. ಆ ಪಾಳಿಯ ಉತ್ಪಾದನೆ ಹೋಯಿತು. ಇಂಥದ್ದು ಆದಮೇಲೆ ಯಾವ ಕಾರ್ಖಾನೆಯೂ ಎರಡನೇ ಲೋಡ್ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ನಮ್ಮ ಗೇಟಿಗೆ ಲೋಡ್ ಬಂದರೆ ನಾನು ಚೀಲದ ತಳಕ್ಕೆ ಕೈ ಹಾಕುತ್ತೇನೆ. ಮೇಲಿನದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಒಂದು ಪೆಲೆಟ್ ಹಿಡಿದು ಮುರಿದರೆ ಟಕ್ ಅಂತ ಮುರಿಯಬೇಕು. ಒಂದು ಲೋಟ ನೀರಿಗೆ ನಾಲ್ಕು ಹಾಕುತ್ತೇನೆ. ಒತ್ತಾಗಿ ಕಟ್ಟಿದ್ದು ಮುಳುಗುತ್ತದೆ, ಸಡಿಲವಾದದ್ದು ತೇಲುತ್ತದೆ. ಸ್ವಲ್ಪ ಹೊತ್ತಿಗೆ ಉಬ್ಬಿ ಬಿಚ್ಚಿಕೊಳ್ಳುತ್ತವೆ. ಆಗ ಲೋಟ ಅಲ್ಲಾಡಿಸಿ ತಳ ನೋಡಿದರೆ ಮಣ್ಣು ಎಷ್ಟು ಸೇರಿದೆ ಅಂತ ಕಾಣುತ್ತದೆ. ಲ್ಯಾಬ್ ರಿಪೋರ್ಟ್ ಬೇಕು, ಬೇಡ ಅನ್ನುವುದಿಲ್ಲ. ಆದರೆ ರಿಪೋರ್ಟ್ ಒಂದು ಲೋಡಿನದು, ಬರುವುದು ಇನ್ನೊಂದು ಲೋಡ್. ನಿಮ್ಮ ಡೈ ಮತ್ತು ರೋಲರ್ ಬೇಗ ಸವೆಯುವುದಕ್ಕೂ ಇದೇ ಮಣ್ಣು ಕಾರಣ.

ಇನ್ನೊಂದು, ತರಗು ಪುಕ್ಕಟೆ ಅನ್ನುವ ಲೆಕ್ಕ. ಮೊದಲ ವರ್ಷ ಗದ್ದೆಯವರು "ತಗೊಂಡು ಹೋಗಣ್ಣ, ಗದ್ದೆ ಖಾಲಿಯಾದರೆ ಸಾಕು" ಅನ್ನುತ್ತಾರೆ. ನಿಮ್ಮ ಮಿಷನ್ ಓಡೋಕೆ ಶುರುವಾದ ಮೇಲೆ "ಟನ್ನಿಗೆ ಎಷ್ಟು ಕೊಡ್ತೀಯ?" ಅನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬೇಡದ ಕಸ ಅಂತ ಇರುವುದೇ ಕಡಿಮೆ. ಭತ್ತದ ಹುಲ್ಲು ಹಸುವಿಗೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಗೆ ಮತ್ತು ಆಲೆಮನೆಗೆ. ಅದೂ ಸಾಲದೆ ಟೈರು, ಪ್ಲಾಸ್ಟಿಕ್ ಉರಿಸುವ ಆಲೆಮನೆಗಳೂ ಇವೆ, ಅದೇನೂ ಗುಟ್ಟಲ್ಲ. ತೆಂಗಿನಕಾಯಿ ಸಿಪ್ಪೆ ನಾರಿನ ಘಟಕಕ್ಕೆ. ತರಗು, ತೆಂಗಿನ ಗರಿಯಂಥ ಹಗುರ ಕಸ ಉರಿಸಿ ಕರೆಂಟ್ ಮಾಡುವ 4.5 ಮೆಗಾವಾಟ್ ಘಟಕ ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಹತ್ತಿರ ಬಂದು ಇಪ್ಪತ್ತು ವರ್ಷ ದಾಟಿತು. ಅಂದರೆ ಈ ಯೋಚನೆ ನಿಮಗೇ ಮೊದಲು ಬಂದದ್ದಲ್ಲ. ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ, ಮಣ್ಣಿಗೂ ಒಳ್ಳೆಯದು. ನಮ್ಮಣ್ಣ ಅದನ್ನೇ ಮಾಡುತ್ತಾನೆ, ನಾನು ಕೇಳಿದರೂ ಕೊಡುವುದಿಲ್ಲ. ಹಾಗೆ ಹಾಸುವವರ ಗದ್ದೆಯಿಂದ ನೀವೂ ತೆಗೆಯಬೇಡಿ. ಸುಡುವವರ ಗದ್ದೆಯಿಂದ ಮಾತ್ರ ತೆಗೆಯಿರಿ.

ಕಚ್ಚಾ ಮಾಲಿನ ಬೆಲೆ ಏರಿ ಏನಾಗುತ್ತದೆ ಅನ್ನುವುದಕ್ಕೆ ಊರ್ಜಾ ಒಲೆಯ ಕಥೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬಿಪಿ ಕಂಪನಿ ಸೇರಿ ಮಾಡಿದ ಪೆಲೆಟ್ ಒಲೆ ಅದು. ಚಿಕ್ಕ ಫ್ಯಾನ್ ಇತ್ತು, ಹೊಗೆ ತೀರಾ ಕಡಿಮೆ. ನಾಲ್ಕು ಲಕ್ಷದಷ್ಟು ಮನೆಗಳಿಗೆ ಹೋಯಿತು. ಆಮೇಲೆ ಸಿಪ್ಪೆ, ಹೊಟ್ಟಿನ ಬೆಲೆ ಏರಿತು, ಪೆಲೆಟ್ ಬೆಲೆಯೂ ಏರಿತು, ಮನೆಯವರು ಒಲೆಯನ್ನು ಮೂಲೆಗಿಟ್ಟರು. ಒಲೆ ಮಾರುತ್ತಿದ್ದ ಕಂಪನಿ ಹೋಟೆಲ್‌ನಂಥ ದೊಡ್ಡ ಗಿರಾಕಿಗಳ ಕಡೆ ತಿರುಗಿತು. ಒಲೆಯಲ್ಲಿ ದೋಷ ಇರಲಿಲ್ಲ. ಮನೆಗಳಿಗೆ ಮಾರುವ ಯೋಚನೆ ಇದ್ದರೆ ಇವತ್ತೇ ಬಿಡಿ.

ಹೋಟೆಲ್, ಛತ್ರದ ಅಡುಗೆ ಬೇರೆ ಮಾತು. 19 ಕೆಜಿಯ ಒಂದು ಕಮರ್ಷಿಯಲ್ ಸಿಲಿಂಡರ್ ಕೆಲಸಕ್ಕೆ ಒಲೆಯ ಗುಣ ನೋಡಿಕೊಂಡು 75, 80 ಕೆಜಿ ಪೆಲೆಟ್ ಬೇಕಾಗುತ್ತದೆ. ದರ ಹಾಕಿ ನೋಡಿದರೆ ಇಡ್ಲಿ ಬಾಯ್ಲರ್, ಅನ್ನದ ಹಂಡೆಗೆ ಚೆನ್ನಾಗಿ ಹೊಂದುತ್ತದೆ. ದೋಸೆ ಹಂಚಿಗೆ ಬೇಡ. ಕ್ಷಣಕ್ಕೊಂದು ಸಲ ಉರಿ ಏರಿಸಿ ಇಳಿಸುವ ಕಡೆ ಗ್ಯಾಸೇ ಸರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಪೆಲೆಟ್‌ಗೆ ಹೋಗುತ್ತಿರಲಿಲ್ಲ, ಬ್ರಿಕೆಟ್ ಮಾಡುತ್ತಿದ್ದೆ. 60ರಿಂದ 90 ಮಿಲಿಮೀಟರ್ ದಪ್ಪದ ಉರುಳೆ ಅದು, ಅಷ್ಟು ನಯವಾದ ಪುಡಿ ಬೇಕಿಲ್ಲ. ಕೈಯಲ್ಲಿ ಹಾಕುವ ಬಾಯ್ಲರ್‌ಗಳು ಅದನ್ನೇ ಕೇಳುತ್ತವೆ. ತಾನೇ ಎಳೆದುಕೊಳ್ಳುವ ಫೀಡರ್ ಇರುವ ಕಡೆಗೆ ಮಾತ್ರ ಪೆಲೆಟ್ ಬೇಕು. ಕಚ್ಚಾ ಮಾಲಿಗೆ ಸಾಮಿಲ್ ಹೊಟ್ಟು, ಹುಣಸೂರು, ಕುಶಾಲನಗರದ ಕಾಫಿ ಕ್ಯೂರಿಂಗ್ ಕಡೆಯ ಕಾಫಿ ಸಿಪ್ಪೆ ನೋಡಿ. ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ. ಮರದ ಗುಣದ ಮಾಲು, ತರಗಿಗಿಂತ ಎಷ್ಟೋ ವಾಸಿ. ಇದರ ಜೊತೆ ತರಗು ಕಾಲು ಭಾಗ ಬೆರೆಸಿ, ಅದಕ್ಕಿಂತ ಜಾಸ್ತಿ ಬೇಡ.

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳ (ಸೊಪ್ಪನ್ನು ಶಾಖ ಕೊಟ್ಟು ಒಣಗಿಸುವ ಮನೆ) ಮೇಲೂ ಕಣ್ಣಿಡಿ. ಹದವಾಗಿ ಒಣಗಿದ ಒಂದು ಕೆಜಿ ಸೊಪ್ಪು ಸಿಗೋಕೆ ನಾಲ್ಕೈದು ಕೆಜಿ ಸೌದೆ ಉರಿಯುತ್ತದೆ. ಅಲ್ಲಿ ನಿಮ್ಮ ಪೈಪೋಟಿ ಅಗ್ಗದ ಸೌದೆಯ ಜೊತೆ, ಒಲೆಯನ್ನೂ ಸ್ವಲ್ಪ ಬದಲಾಯಿಸಬೇಕು. ಹಾಗಾಗಿ ಸುಲಭ ಅಲ್ಲ. ಆದರೆ ಮರ ಉಳಿಯುವುದು ನಿಜಕ್ಕೂ ಅಲ್ಲೇ.

ಮಿಷನ್‌ಗೆ ಅಡ್ವಾನ್ಸ್ ಕೊಡುವ ಮೊದಲು ಓಡುತ್ತಿರುವ ಯಾವುದಾದರೂ ಘಟಕದಲ್ಲಿ ಕೂಲಿ ಕೊಟ್ಟು ನಿಮ್ಮದೇ ಮಾಲಿನಿಂದ ಒಂದೆರಡು ಟನ್ ಮಾಡಿಸಿ. ಕೊಳ್ಳಬಹುದು ಅನ್ನುವ ಕಾರ್ಖಾನೆಯ ಬಾಯ್ಲರ್‌ನಲ್ಲಿ ಒಂದು ಪಾಳಿ ಉರಿಸಿ, ಪಕ್ಕದಲ್ಲೇ ನಿಂತು ಬೂದಿ ತೂಕ ಹಾಕಿ, ಬಾಯ್ಲರ್ ಆಪರೇಟರ್ ಏನು ಹೇಳುತ್ತಾನೆ ಕೇಳಿ. ಮ್ಯಾನೇಜರ್ ದರ ನೋಡುತ್ತಾನೆ, ಕಿಟ್ಟ ಒಡೆಯುವವನು ಆಪರೇಟರ್. ಶೆಡ್ಡಿಗೆ ಮಿಷನ್‌ನಷ್ಟೇ ದುಡ್ಡು ಎತ್ತಿಡಿ. ಮಳೆಗಾಲಕ್ಕೆ ಸಾಕಾಗುವಷ್ಟು ಒಣ ಮಾಲು ಅದರೊಳಗೆ ಹಿಡಿಯಬೇಕು, ಮಾಲಿನ ರಾಶಿಯನ್ನು ಮಿಷನ್‌ನಿಂದ ದೂರ ಇಡಬೇಕು, ಬೆಂಕಿಯ ವಿಮೆ ಮಾಡಿಸಬೇಕು. ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕಾ ಅಂತ ಈಗಲೇ ವಿಚಾರಿಸಿ, ಬೇಕಾದರೆ ಅರ್ಜಿ ಹಾಕಿ, ಕರೆಂಟ್ ಲೈನ್ ಬರೋಕೂ ಸಮಯ ಹಿಡಿಯುತ್ತದೆ. ಯಾವ ತಾಲ್ಲೂಕು, ಹತ್ತಿರ ಸಾಮಿಲ್ ಎಷ್ಟಿವೆ ಅಂತ ಬರೆದರೆ ಇನ್ನೂ ಸರಿಯಾಗಿ ಹೇಳುತ್ತೇನೆ.