ಶಿಕ್ಷಕರ ಸಮಾವೇಶದಲ್ಲಿ ಒಂದು ತಾಸು ಸಿಕ್ಕಿದೆ, ನೀರಿನ ವಿದ್ಯುದ್ವಿಭಜನೆ ಹೇಗೆ ನಡೆಸಲಿ?

ಧಾರವಾಡದಲ್ಲಿ ನಡೆಯುವ ಒಂದು ದಿನದ ವಿಜ್ಞಾನ ಶಿಕ್ಷಕರ ಸಮಾವೇಶ, 40 ಜನ ಪ್ರೌಢಶಾಲಾ ಶಿಕ್ಷಕರು, ನಿಮಗೆ ಒಂದು ತಾಸು. ಹತ್ತನೆಯ ತರಗತಿಯ ನೀರಿನ ವಿದ್ಯುದ್ವಿಭಜನೆ, ಅಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಪಾಠ ತಗೊಂಡಿದ್ದೀರಿ. ಹಾವೇರಿಯಿಂದ ಬರುವವರು, ಸಾಮಾನು ಏನೇನು ತರಬೇಕು, ಸ್ಲೈಡ್ ಎಷ್ಟು ಇರಬೇಕು ಅಂತ ಕೇಳಿದ್ದೀರಿ.

ಸ್ಲೈಡ್ ಒಂದೂ ಬೇಡ. ಕೂತಿರುವವರೆಲ್ಲ ಈ ಪಾಠವನ್ನು ಪ್ರತಿವರ್ಷ ಮಾಡುವವರೇ. ಸಮೀಕರಣ ಅವರಿಗೆ ಬಾಯಿಪಾಠ. ಅವರ ಕೈಗೆ ಸಿಗದೆ ಉಳಿದಿರುವುದು ಪ್ರಯೋಗ. ನಾಲ್ವರಿಗೊಂದರಂತೆ 10 ಕಿಟ್ ಮಾಡಿ. ಆರು ಜನರ ಗುಂಪಾದರೆ ಇಬ್ಬರು ಮಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ.

ಒಂದು ಕಿಟ್‌ಗೆ ಬೇಕಾದದ್ದು: ಒಂದು ಲೀಟರಿನ ಪ್ಲಾಸ್ಟಿಕ್ ಮಗ್ಗು, ಎರಡು ಕಾರ್ಬನ್ ಕಡ್ಡಿ, ಒಂದೇ ಅಳತೆಯ ಎರಡು ಪ್ರನಾಳ, 1.5 ವೋಲ್ಟಿನ ದೊಡ್ಡ ಟಾರ್ಚ್ ಸೆಲ್ ನಾಲ್ಕು, ತಂತಿ, ಮಗ್ಗಿನ ಕೆಳಗೆ ಕೊಡಲು ಎರಡು ಕಟ್ಟಿಗೆ ತುಂಡು, ಒಂದು ಅಳತೆಪಟ್ಟಿ. ಪಠ್ಯದಲ್ಲಿ ಮಗ್ಗಿನ ತಳಕ್ಕೆ ರಬ್ಬರ್ ಬಿರಡೆ ಹಾಕಲು ಹೇಳಿದೆ. ಬಿರಡೆ ಸರಿಯಾಗಿ ಕೂರದಿದ್ದರೆ ಅರ್ಧ ತಾಸಿನಲ್ಲಿ ಮೇಜೆಲ್ಲ ಒದ್ದೆ. ಕಾದ ಮೊಳೆಯಿಂದ ಕಡ್ಡಿಯಷ್ಟೇ ದಪ್ಪದ ತೂತು ಮಾಡಿ, ಕಡ್ಡಿ ತೂರಿಸಿ, ಒಳಗೂ ಹೊರಗೂ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡುವುದು ಇದಕ್ಕಿಂತ ಭದ್ರ. ಮರುದಿನ ನೀರು ತುಂಬಿ ಒಂದು ತಾಸು ಇಟ್ಟು ನೋಡಿ.

ಈ ಸೋರಿಕೆಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ನೀರು ಕೆಳಗಿಳಿದು ತಾಮ್ರದ ತಂತಿ ಮುಟ್ಟಿತೆಂದರೆ, ಆನೋಡ್ (ಸೆಲ್‌ನ + ತುದಿಗೆ ಜೋಡಿಸಿದ, ಆಕ್ಸಿಜನ್ ಬರುವ ಕಡ್ಡಿ) ಕಡೆ ತಾಮ್ರವೇ ಕರಗಲು ಶುರುವಾಗುತ್ತದೆ. ದ್ರಾವಣ ತಿಳಿನೀಲಿಯಾಗುತ್ತದೆ, ಆಕ್ಸಿಜನ್ ಕಡಿಮೆಯಾಗುತ್ತದೆ. ತಂತಿಯನ್ನೇ ನೀರಿಗೆ ಇಳಿಬಿಟ್ಟು ಮಾಡುವವರಿಗೂ ಇದೇ ಗತಿ.

ಕಾರ್ಬನ್ ಕಡ್ಡಿಯನ್ನು ಖಾಲಿಯಾದ ಹಳೆಯ ಜಿಂಕ್-ಕಾರ್ಬನ್ ಟಾರ್ಚ್ ಸೆಲ್‌ನಿಂದ ತೆಗೆಯಬಹುದು. ಅಂಟಿದ ಕರಿಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ತೊಳೆದು, ಉಪ್ಪುಕಾಗದದಿಂದ ಉಜ್ಜಿ. ಆಲ್ಕಲೈನ್ ಎಂದು ಬರೆದಿರುವ ಸೆಲ್ ಒಡೆಯಬೇಡಿ. ಅದರಲ್ಲಿ ಕಾರ್ಬನ್ ಕಡ್ಡಿ ಇರುವುದಿಲ್ಲ, ಚರ್ಮ ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಕಡ್ಡಿ ಸಿಗದಿದ್ದರೆ ಪೆನ್ಸಿಲ್ ಸೀಸ ನಡೆಯುತ್ತದೆ, ಆದರೆ ಎಚ್‌ಬಿ ಬದಲು 4ಬಿ ಅಥವಾ 6ಬಿ ತಗೊಳ್ಳಿ. ಎಚ್‌ಬಿಯಲ್ಲಿ ಜೇಡಿಯ ಪಾಲು ಹೆಚ್ಚು, ರೋಧವೂ ಹೆಚ್ಚು.

9 ವೋಲ್ಟಿನ ಚೌಕ ಬ್ಯಾಟರಿ ಒಯ್ಯಲು ಹಗುರ, ಆದರೆ ಒಳರೋಧ ಜಾಸ್ತಿ. ಮೊದಲ ಗುಂಪು ಗುಳ್ಳೆ ನೋಡುತ್ತದೆ, ಮುಂದಿನ ಸಲ ಅದು ಸತ್ತಿರುತ್ತದೆ. ದೊಡ್ಡ ಸೆಲ್ ನಾಲ್ಕು ಸರಣಿಯಲ್ಲಿ ಜೋಡಿಸಿದರೆ 6 ವೋಲ್ಟ್, ಅದೇ ಸಾಕು. 0.2 ಆಂಪೇರ್ ಹರಿದರೆ 10 ನಿಮಿಷಕ್ಕೆ ಸುಮಾರು 15 ಮಿ.ಲೀ. ಹೈಡ್ರೋಜನ್ ಬರುತ್ತದೆ. ಒಂದು ಕಿಟ್‌ಗಾದರೂ ಅಮ್ಮೀಟರ್ ಹಾಕಿ, ಈ ಲೆಕ್ಕವನ್ನು ಶಿಕ್ಷಕರಿಂದಲೇ ಮಾಡಿಸಿ.

ದ್ರಾವಣಕ್ಕೆ, ಕಿಟ್ ಒಂದಕ್ಕೆ, 450 ಮಿ.ಲೀ. ನೀರಿಗೆ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 50 ಮಿ.ಲೀ. ಹತ್ತು ಕಿಟ್‌ಗೆ ಈ ಆಮ್ಲ ಅರ್ಧ ಲೀಟರ್ ಬೇಕು. ಬಸ್ಸಿನಲ್ಲಿ ಆಮ್ಲ ತರಬೇಡಿ. ಸಮಾವೇಶ ನಡೆಯುವ ಶಾಲೆಯ ಪ್ರಯೋಗಾಲಯದವರಿಗೆ ಮೊದಲೇ ತಿಳಿಸಿ ಮಾಡಿಸಿಡಿ. ಆ ಅರ್ಧ ಲೀಟರ್ 1 ಮೋಲಾರ್ ಆಮ್ಲ ತಯಾರಿಸಲು 450 ಮಿ.ಲೀ. ನೀರಿಗೆ 28 ಮಿ.ಲೀ. ಸಾರೀಕೃತ ಆಮ್ಲವನ್ನು ಕಲಕುತ್ತ ಸ್ವಲ್ಪಸ್ವಲ್ಪವೇ ಸೇರಿಸಿ, ತಣಿದ ಮೇಲೆ 500ಕ್ಕೆ ತುಂಬಿಸಬೇಕು. ಆಮ್ಲ ನೀರಿಗೆ, ನೀರು ಆಮ್ಲಕ್ಕಲ್ಲ.

ಆಮ್ಲದ ಬದಲು ಅಡುಗೆ ಉಪ್ಪು ಹಾಕೋಣವೇ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಖಂಡಿತ ಬೇಡ. ಆನೋಡ್‌ನಲ್ಲಿ ಕ್ಲೋರಿನ್ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಹತ್ತು ಕಿಟ್ ಒಟ್ಟಿಗೆ ನಡೆದರೆ ಕಣ್ಣು, ಗಂಟಲು ಉರಿಯುತ್ತವೆ. ಅದನ್ನೇ ಆಕ್ಸಿಜನ್ ಅಂತ ಮಕ್ಕಳಿಗೆ ತೋರಿಸಿದರೆ ಪಾಠವೇ ತಪ್ಪಾಯಿತು. ಅಡುಗೆ ಸೋಡಾ ಅಷ್ಟು ಅಪಾಯವಲ್ಲ, ಆದರೆ ಆನೋಡ್ ಕಡೆ ಇಂಗಾಲದ ಡೈಆಕ್ಸೈಡ್ ಬೆರೆತು ಅನುಪಾತ ಕೆಡುತ್ತದೆ. ಗದಗ ಕಡೆಯ ಕೊಳವೆಬಾವಿಯ ಗಡಸು ನೀರಾದರೆ ಕ್ಯಾಥೋಡ್ (− ತುದಿಗೆ ಜೋಡಿಸಿದ, ಹೈಡ್ರೋಜನ್ ಬರುವ ಕಡ್ಡಿ) ಸುತ್ತ ಬಿಳಿ ಪುಡಿಯೂ ಕಟ್ಟುತ್ತದೆ: ಅಲ್ಲಿ ಹೈಡ್ರಾಕ್ಸೈಡ್ ಹೆಚ್ಚಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಂಯುಕ್ತಗಳು ಹೊರಬರುತ್ತವೆ. ಆಮ್ಲ ಹಾಕಿದ ನೀರಿನಲ್ಲಿ ಈ ತೊಂದರೆ ಇರುವುದಿಲ್ಲ.

ಇನ್ನು ಸಮಯದ ಮಾತು. ಉದ್ಘಾಟನೆ, ಸ್ವಾಗತ, ಸನ್ಮಾನ ಎಲ್ಲ ಮುಗಿಯುವಷ್ಟರಲ್ಲಿ ನಿಮ್ಮ ಒಂದು ತಾಸು 40 ನಿಮಿಷವಾಗಿರುತ್ತದೆ ಅಂತಲೇ ಎಣಿಸಿ. ಚಹಾದ ಬಿಡುವಿನ ನಂತರದ ಅವಧಿ ಕೇಳಿಕೊಳ್ಳಿ. ಎಲ್ಲರೂ ಚಹಾ ಕುಡಿಯುವಾಗ ಕಿಟ್‌ಗಳನ್ನು ಮೇಜಿನ ಮೇಲಿಟ್ಟು, ಕಡ್ಡಿಗಳ ಮೇಲೆ ಪ್ರನಾಳ ಬೋರಲು ಹಾಕದೆ, ಕಿಟಕಿ ತೆಗೆದು 10 ನಿಮಿಷ ವಿದ್ಯುತ್ ಹರಿಸಿ. ಇದರಿಂದ ಸಮಯ ಉಳಿಯುವುದಷ್ಟೇ ಅಲ್ಲ. ಆಕ್ಸಿಜನ್ ಹೈಡ್ರೋಜನ್‌ಗಿಂತ ಹೆಚ್ಚು ನೀರಿನಲ್ಲಿ ಕರಗುತ್ತದೆ. ಮೊದಲ ನಿಮಿಷಗಳ ಆಕ್ಸಿಜನ್ ದ್ರಾವಣದಲ್ಲೇ ಉಳಿದುಬಿಡುತ್ತದೆ. ಮೊದಲೇ ಹರಿಸಿದರೆ ಆ ನಷ್ಟ ತಗ್ಗುತ್ತದೆ.

ಶುರುವಿಗೆ ಎಲ್ಲರ ಕೈಗೂ ಚೀಟಿ ಕೊಟ್ಟು, ತಮ್ಮ ಕಿಟ್‌ನಲ್ಲಿ ಹೈಡ್ರೋಜನ್, ಆಕ್ಸಿಜನ್ ಎಷ್ಟಕ್ಕೆ ಎಷ್ಟು ಬರುತ್ತದೆಂದು ಬರೆಸಿ. ಎಲ್ಲರೂ 2:1 ಅಂತಲೇ ಬರೆಯುತ್ತಾರೆ. ಆಮೇಲೆ ಪ್ರನಾಳಕ್ಕೆ ಅದೇ ದ್ರಾವಣ ತುಂಬಿ, ಕೈಗವಸು ಹಾಕಿದ ಹೆಬ್ಬೆರಳಿನಿಂದ ಮುಚ್ಚಿ, ಗಾಳಿಗುಳ್ಳೆ ಉಳಿಯದಂತೆ ಕಡ್ಡಿಗಳ ಮೇಲೆ ಬೋರಲು ಹಾಕಿಸಿ. ಪ್ರನಾಳದ ಬಾಯಿ ಮಗ್ಗಿನ ತಳಕ್ಕೆ ಒತ್ತಿ ಕೂರಬಾರದು, ಅರ್ಧ ಸೆಂ.ಮೀ. ಎತ್ತರದಲ್ಲಿರಲಿ. ಬಾಯಿ ಮುಚ್ಚಿದರೆ ಅಯಾನುಗಳ ದಾರಿ ಕಟ್ಟಿ ಗುಳ್ಳೆ ನಿಲ್ಲುತ್ತದೆ. "ಸೆಲ್ ಹೋಗಿದೆ ಸರ್" ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಹತ್ತು ನಿಮಿಷದ ನಂತರ ಎರಡೂ ಅನಿಲದ ಎತ್ತರ ಅಳೆಸಿ, ಹತ್ತು ಗುಂಪಿನ ಅಂಕಿಗಳನ್ನೂ ಹಲಗೆಯ ಮೇಲೆ ಬರೆಯಿರಿ. ನಿಖರ 2:1 ಬರುವುದು ಅಪರೂಪ. ಹೈಡ್ರೋಜನ್ ಎರಡು ಪಟ್ಟಿಗಿಂತ ತುಸು ಹೆಚ್ಚೇ ಇರುತ್ತದೆ. ಕರಗುವುದು ಒಂದು ಕಾರಣ. ಆನೋಡ್‌ನ ಕಾರ್ಬನ್ ತಾನೇ ಸ್ವಲ್ಪ ಉತ್ಕರ್ಷಣೆಗೊಂಡು ಆಕ್ಸಿಜನ್ನನ್ನು ತಿನ್ನುವುದು ಇನ್ನೊಂದು. ಆ ಕಡ್ಡಿಯ ಕೆಳಗೆ ಉದುರಿದ ಕರಿಪುಡಿಯೇ ಸಾಕ್ಷಿ. ಈ ಅಂಕಿಗಳನ್ನು ದಯವಿಟ್ಟು ಮುಚ್ಚಬೇಡಿ, "ಪ್ರಯೋಗದ ದೋಷ" ಅಂತ ಒಂದೇ ಮಾತಿನಲ್ಲಿ ದಾಟಬೇಡಿ. ನಿಮ್ಮ ಅವಧಿಯ ಜೀವ ಇರುವುದೇ ಇಲ್ಲಿ. ಕನಿಷ್ಠ 15 ನಿಮಿಷ ಇದಕ್ಕೇ ಇಡಿ, ಕಾರಣಗಳನ್ನು ಅವರೇ ಹುಡುಕಲಿ. ಉತ್ತರ ಪುಸ್ತಕದಲ್ಲಿರುವಂತೆ ತಿದ್ದಿ ಬರೆಯುವ ಅಭ್ಯಾಸ ಮಕ್ಕಳಿಗೆ ಬರುವುದು ನಮ್ಮಿಂದಲೇ. ಸಮಯ ಸಾಲದಾದರೆ ಅನಿಲ ಪರೀಕ್ಷೆ ಬಿಡಿ, ಈ ಚರ್ಚೆ ಬಿಡಬೇಡಿ.

ಅನಿಲ ಪರೀಕ್ಷೆ ಮಾಡುವುದಾದರೆ ಮೊದಲು ಸೆಲ್ ಕಳಚಿ. ಹೈಡ್ರೋಜನ್ ಪ್ರನಾಳವನ್ನು ಬಾಯಿ ಕೆಳಗಿದ್ದಂತೆಯೇ ಎತ್ತಿ, ಮಗ್ಗಿನಿಂದ ದೂರ ಒಯ್ದು ಉರಿಯುವ ಕಡ್ಡಿ ಹಿಡಿಯಿರಿ. ಆಕ್ಸಿಜನ್‌ಗೆ ಕೆಂಡವಿರುವ ಊದಿನಕಡ್ಡಿ ಸಾಕು.

ಅನ್ಯಕಾರ್ಯದ ಆದೇಶ (ಶಾಲೆಯ ಹೊರಗಿನ ಕೆಲಸಕ್ಕೆ ಹೋಗಲು ಕೊಡುವ ಪತ್ರ), ಹಾಜರಿ ಪ್ರಮಾಣಪತ್ರ ಅದೇ ದಿನ ಕೈಗೆ ಬರುವಂತೆ ಸಂಘಟಕರಿಗೆ ನೆನಪಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ತಾಸು ವೃತ್ತಿ ಬೆಳವಣಿಗೆಯ ಕಲಿಕೆ ಇರಬೇಕೆನ್ನುತ್ತದೆ, ಲೆಕ್ಕಕ್ಕೆ ಕಾಗದ ಬೇಕಾಗುತ್ತದೆ. ಸಾಧ್ಯವಾದರೆ ಕಿಟ್‌ಗಳನ್ನು ವಾಪಸ್ ತರದೆ ತಾಲ್ಲೂಕಿಗೆ ಒಂದೆರಡರಂತೆ ಹಂಚಿಬಿಡಿ.

ಉಳಿದ ದ್ರಾವಣ ಹಾಗೇ ಮೋರಿಗೆ ಸುರಿಯಬೇಡಿ. ಕಿಟ್‌ಗೆ 8-9 ಗ್ರಾಂ ಅಡುಗೆ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ, ನೊರೆ ನಿಂತ ಮೇಲೆ ಚೆಲ್ಲಿ. ಸೆಲ್‌ಗಳನ್ನು ತಂತಿಯಿಂದ ಬಿಡಿಸಿ ಬೇರೆ ಚೀಲದಲ್ಲಿಡಿ. ಜೋಡಿಸಿದ್ದಂತೆಯೇ ಇಟ್ಟರೆ ಬಸ್ಸಿನ ಕುಲುಕಾಟಕ್ಕೆ ತುದಿಗಳು ತಾಗಿ ಕಾಯುತ್ತವೆ.