ಸಿಪೈಥಾನ್ ಬಿಲ್ಡ್‌ನಲ್ಲಿ ಎಸ್‌ಎಸ್‌ಎಲ್ ಮಾಡ್ಯೂಲ್ ಸಿದ್ಧವಾಗದಿರುವ ಬಗ್ಗೆ

ಸಿಪೈಥಾನ್‌ಗೆ (ಸಿ ಭಾಷೆಯಲ್ಲಿ ಬರೆದ, ಪೈಥಾನ್‌ನ ಮೂಲ ಆವೃತ್ತಿ) ಕೊಡುಗೆ ನೀಡಲೆಂದು ಅದನ್ನು ಉಬುಂಟುವಿನಲ್ಲಿ ಬಿಲ್ಡ್ ಮಾಡಿದಾಗ (ಮೂಲ ಕೋಡ್‌ನಿಂದ ಕಂಪೈಲ್ ಮಾಡಿದಾಗ) ಎಸ್‌ಎಸ್‌ಎಲ್ (ಸುರಕ್ಷಿತ ಜಾಲಸಂಪರ್ಕಕ್ಕೆ) ಮತ್ತು ಸಿಟೈಪ್ಸ್ (ಸಿ ಲೈಬ್ರರಿಗಳನ್ನು ಬಳಸಲು) ಮಾಡ್ಯೂಲ್‌ಗಳು ಸಿದ್ಧವಾಗಿಲ್ಲವೆಂಬ ಸೂಚನೆ ಬಂದಿತೆಂದೂ, ಮುಂದೆ ಸಿದ್ಧವಾದದ್ದನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸುವ ‘ಮೇಕ್ ಇನ್‌ಸ್ಟಾಲ್’ ಆದೇಶ ಕೊಡಬೇಕೇ ಎಂದೂ ಕೇಳಿದ್ದೀರಿ.

ದಯವಿಟ್ಟು ಕೊಡಬೇಡಿ. ಅದು ‘/usr/local’ ಫೋಲ್ಡರಿನಲ್ಲಿ ಇನ್ನೊಂದು ಪೈಥಾನ್ ಅನ್ನು ತಂದಿರಿಸುತ್ತದೆ. ಸಾಮಾನ್ಯವಾಗಿ ಶೆಲ್ (ನೀವು ಕೊಡುವ ಆದೇಶಗಳನ್ನು ಓಡಿಸುವ ಪ್ರೋಗ್ರಾಂ) ಮೊದಲು ಹುಡುಕುವುದು ಅಲ್ಲಿಯೇ ಆದ್ದರಿಂದ, ನಿಮ್ಮ ಇತರ ಸ್ಕ್ರಿಪ್ಟ್‌ಗಳು ಅರೆಬೆಂದ ಆವೃತ್ತಿಯ ಮೇಲೆ ಓಡತೊಡಗುತ್ತವೆ. ಕೊಡುಗೆ ನೀಡಲು ಇನ್‌ಸ್ಟಾಲ್ ಅಗತ್ಯವೇ ಇಲ್ಲ. ಬಿಲ್ಡ್ ಫೋಲ್ಡರಿನಲ್ಲಿಯೇ ‘ಪೈಥಾನ್’ ಎಂಬ ಕಡತ ಸಿದ್ಧವಾಗಿರುತ್ತದೆ, ಅದನ್ನೇ ಹೆಸರಿಗೆ ಮೊದಲು ಚುಕ್ಕೆ ಮತ್ತು ಓರೆಗೆರೆ ಸೇರಿಸಿ (./python) ಚಲಾಯಿಸಬಹುದು. (ಮ್ಯಾಕ್‌ನಲ್ಲಿ ಆ ಕಡತದ ಹೆಸರಿಗೆ ‘ಡಾಟ್ ಇಎಕ್ಸ್‌ಇ’ ಅಂಟಿಕೊಂಡಿರುತ್ತದೆ, ‘ಪೈಥಾನ್’ ಎಂಬ ಫೋಲ್ಡರಿನೊಂದಿಗೆ ಹೆಸರು ಘರ್ಷಿಸದಿರಲೆಂದು ಹಾಗೆ ಮಾಡಿದ್ದಾರೆ.)

ಮಾಡ್ಯೂಲ್‌ಗಳು ಸಿದ್ಧವಾಗದಿರಲು ಬಹುಮಟ್ಟಿಗೆ ಕಾರಣ ಹೆಡರ್ ಕಡತಗಳ (ಲೈಬ್ರರಿಯಲ್ಲಿ ಏನೇನಿದೆಯೆಂದು ಕಂಪೈಲರಿಗೆ ತಿಳಿಸುವ ಕಡತಗಳು) ಕೊರತೆ. ಎಸ್‌ಎಸ್‌ಎಲ್ ಮಾಡ್ಯೂಲ್ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ನಿಮ್ಮ ಕಂಪ್ಯೂಟರಿನಲ್ಲಿದ್ದರೂ ಕಂಪೈಲ್ ಮಾಡಲು ಬೇಕಾದ ಹೆಡರ್‌ಗಳು ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ. ಸಿಟೈಪ್ಸ್‌ಗೆ ಬೇಕಾದದ್ದು ‘ಲಿಬ್‌ಎಫ್‌ಎಫ್‌ಐ-ಡೆವ್’. ಇವೆರಡನ್ನೂ ಹಾಕಿಕೊಂಡ ಮೇಲೆ ಬರೀ ‘ಮೇಕ್’ ಕೊಟ್ಟರೆ ಸಾಲದು. ಯಾವ ಲೈಬ್ರರಿ ಲಭ್ಯವಿದೆಯೆಂದು ಪತ್ತೆಹಚ್ಚಿ ಬರೆದಿಡುವುದು ‘ಕಾನ್ಫಿಗರ್’ ಹಂತವಾದ್ದರಿಂದ, ಅದನ್ನು ‘ವಿತ್-ಪೈಡೀಬಗ್’ ಆಯ್ಕೆಯೊಡನೆ ಮತ್ತೊಮ್ಮೆ ಓಡಿಸಿ, ಬಳಿಕ ‘ಮೇಕ್’ ಕೊಡಿ. ಆ ಆಯ್ಕೆಯಿಂದ ಪೈಥಾನ್ ನಿಧಾನವಾಗುತ್ತದೆ ನಿಜ, ಆದರೆ ಸಿ ಕೋಡ್‌ನಲ್ಲಿರುವ ಅಸರ್ಟ್ ತಪಾಸಣೆಗಳು ಚಾಲೂ ಆಗುವುದರಿಂದ ದೋಷಗಳು ಬೇಗ ಬಯಲಾಗುತ್ತವೆ.

ಆಮೇಲೆ ಇಡೀ ಪರೀಕ್ಷಾ ಸಮೂಹವನ್ನು ಓಡಿಸುವ ಬದಲು ‘ಟೆಸ್ಟ್_ಎಸ್‌ಎಸ್‌ಎಲ್’ ಒಂದನ್ನೇ ಓಡಿಸಿ ನೋಡಿ. ನಿಮ್ಮ ಬದಲಾವಣೆಗಳಿಗೆ ಕೋಡ್‌ನ ಮುಖ್ಯ ಶಾಖೆಯಾದ ‘ಮೇನ್’ನಿಂದ ಹೊಸ ಬ್ರ್ಯಾಂಚ್ (ಶಾಖೆ) ತೆಗೆದುಕೊಳ್ಳಿ, ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕುವಂತೆ ಮೊದಲ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳುವಂತೆ ಕೋರಿಕೆ) ಕಳಿಸಿದಾಗ ಬಾಟ್ (ಸ್ವಯಂಚಾಲಿತ ಪ್ರೋಗ್ರಾಂ) ತಾನಾಗಿಯೇ ಕೇಳುತ್ತದೆ.