ಲಾಗ್‌ನಲ್ಲಿ ‘ಕಂಟ್ರೋಲರ್ ಎರರ್’ ಅಂತ ಬಂದ ತಕ್ಷಣ ಬೋರ್ಡ್ ಬದಲಿಸ್ಬೇಡಿ

ಈ ಸಲನೂ ಅರ್ಧಕ್ಕರ್ಧ ಪ್ರಶ್ನೆ ಇದೇ. ಎಷ್ಟ್ ಸಲ ಹೇಳೋದು ಅಂತ ಸುಮ್ನಿದ್ದೆ, ಆದ್ರೆ ರಾಜಾಜಿನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರೋರು ಒಬ್ರು ಬರೆದಿರೋದು ನೋಡಿ ತಡೀಲಿಲ್ಲ.

*“ಸರ್, ಮದುವೆ ಫೋಟೋಗಳಿರೋ ಎರಡನೇ ಡಿಸ್ಕ್ ಆಗಾಗ ಹ್ಯಾಂಗ್ ಆಗುತ್ತೆ. ವಿಂಡೋಸ್ ಇವೆಂಟ್ ವ್ಯೂವರ್‌ನಲ್ಲಿ ಇವೆಂಟ್ 11, ಹಾರ್ಡ್‌ಡಿಸ್ಕ್1 ಮೇಲೆ ಕಂಟ್ರೋಲರ್ ಎರರ್ ಅಂತ ಬರ್ತಿದೆ. ಎಸ್.ಪಿ. ರೋಡ್‌ನಲ್ಲಿ ತೋರಿಸ್ದೆ, ಮದರ್‌ಬೋರ್ಡ್ ಹೋಗಿದೆ ಅಂದ್ರು. ಬದಲಿಸ್ಲಾ?”*

ಬೇಡ. ಮೊದ್ಲು ಫೋಟೋ ಎಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಳಿ, ಆಮೇಲೆ ಮುಂದೆ ಓದಿ.

ಕಂಟ್ರೋಲರ್ ಅಂದ್ರೆ ಮದರ್‌ಬೋರ್ಡ್ ಮೇಲೆ ಕೂತು ಡಿಸ್ಕ್ ಜೊತೆ ಮಾತಾಡೋ ಭಾಗ. ಕಂಟ್ರೋಲರ್ ಎರರ್ ಅಂದ್ರೆ ಅದು ಕೆಟ್ಟಿದೆ ಅಂತಲ್ಲ ಸ್ವಾಮಿ. ಕಂಟ್ರೋಲರ್‌ಗೂ ಡಿಸ್ಕ್‌ಗೂ ನಡುವೆ ಏನೋ ಎಡವಟ್ಟಾಗಿದೆ ಅಂತ ಡ್ರೈವರ್ (ಡಿಸ್ಕ್ ನಡೆಸೋ ಸಾಫ್ಟ್‌ವೇರ್) ದೂರು ಕೊಡ್ತಿದೆ ಅಷ್ಟೇ, ದೂರಲ್ಲಿ ಹೆಸರಿದೆ ಅಂತ ಬೋರ್ಡ್‌ನೇ ಹಿಡ್ಕೊಂಡ್ ಹೋಗಿ ಲಾಕಪ್‌ಗೆ ಹಾಕಿದ್ರೆ ಹೆಂಗೆ? ಇನ್ನೊಂದು, ಹಾರ್ಡ್‌ಡಿಸ್ಕ್1 ಅಂದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣೋ ಡಿಸ್ಕ್ 1, ಎಣಿಕೆ ಸೊನ್ನೆಯಿಂದ ಶುರು. ಇದು ಗೊತ್ತಿಲ್ದೆ ಚೆನ್ನಾಗಿರೋ ಡಿಸ್ಕ್ ಬಿಚ್ಕೊಂಡ್ ಬಂದೋರೂ ಇದ್ದಾರೆ.

ಇವೆಂಟ್ ವ್ಯೂವರ್‌ನಲ್ಲಿ, ಅಂದ್ರೆ ವಿಂಡೋಸ್ ಇಂಥ ದೂರುಗಳನ್ನ ನಂಬರ್ ಹಾಕಿ ತೋರ್ಸೋ ಲಾಗ್‌ನಲ್ಲಿ, 11 ಒಂದನ್ನೇ ನೋಡ್ಬೇಡಿ, ಅದರ ಅಕ್ಕಪಕ್ಕ ಏನಿದೆ ನೋಡಿ. ಜೊತೆಗೆ ಇವೆಂಟ್ 7 ಇದ್ರೆ ಬ್ಯಾಡ್ ಬ್ಲಾಕ್, ಅಂದ್ರೆ ಡಿಸ್ಕ್‌ನಲ್ಲಿ ಓದೋಕಾಗದ ಜಾಗ, ಡಿಸ್ಕ್‌ದೇ ಕಾಯಿಲೆ. 129 ಅಥವಾ 153 ಇದ್ದು 7 ಇಲ್ಲ ಅಂದ್ರೆ ಡಿಸ್ಕ್ ಟೈಮಿಗೆ ಉತ್ತರ ಕೊಟ್ಟಿಲ್ಲ, ವಿಂಡೋಸ್ ಅದನ್ನ ರೀಸೆಟ್ ಮಾಡಿದೆ ಇಲ್ಲಾ ಮತ್ತೆ ಕೇಳಿದೆ ಅಂತ, ಆಗ ನನ್ನ ಮೊದಲ ಅನುಮಾನ ಕೇಬಲ್ ಮೇಲೆ, ಎರಡನೇದು ಪವರ್ ಸಪ್ಲೈ ಮೇಲೆ. ಇದನ್ನ ಖಾತ್ರಿ ಮಾಡ್ಕೊಳ್ಳೋಕೆ ಸ್ಮಾರ್ಟ್ ರೀಡಿಂಗ್ ತೆಗೀರಿ, ಅದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ನಂಬರ್ ಹಾಕಿ ಇಟ್ಕೊಳ್ಳೋ ಲೆಕ್ಕ. 197 (ಓದೋಕಾಗದೆ ಬಾಕಿ ಉಳಿದ ಜಾಗಗಳ ಲೆಕ್ಕ) ಏರ್ತಾ ಇದ್ರೆ ಡಿಸ್ಕ್ ಹೊರಟಿದೆ. 5 (ಕೆಟ್ಟು ಬದಲಾಯಿಸಿದ ಜಾಗಗಳ ಲೆಕ್ಕ) ಮತ್ತೆ 197 ಎರಡೂ ಸೊನ್ನೆ, 199 ಮಾತ್ರ ಏರ್ತಿದೆ ಅಂದ್ರೆ ದಾರಿಯಲ್ಲಿ ಡೇಟಾ ಕೆಡ್ತಿದೆ, ಅಂದ್ರೆ ಕೇಬಲ್. ಹೊಸ ಕೇಬಲ್ ಹಾಕಿದ್ಮೇಲೂ 199 ಸೊನ್ನೆ ಆಗಲ್ಲ, ಅದು ಹಳೇ ಲೆಕ್ಕ, ಇವತ್ತಿನ ನಂಬರ್ ಬರ್ಕೊಂಡು ವಾರ ಬಿಟ್ಟು ನೋಡಿ. ಈ ರೀಡಿಂಗ್‌ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ ನೋಡೋರು ಗಮನಿಸಿ, ಅದು ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ತೋರ್ಸುತ್ತೆ, ಅಲ್ಲಿ 1ಎ ಅಂದ್ರೆ 26.

ಲಿನಕ್ಸ್‌ನೋರಿಗೆ ಇನ್ನೂ ಸುಲಭ. ಕರ್ನಲ್ ಲಾಗ್‌ನಲ್ಲಿ ಐಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟಿದೆ) ಅಂತಿದ್ರೆ ಕೇಬಲ್ ಕಡೆ, ಯುಎನ್‌ಸಿ (ಸರಿಪಡಿಸೋಕಾಗದ ತಪ್ಪು) ಅಂತಿದ್ರೆ ಡಿಸ್ಕ್ ಕಡೆ.

ಹೋದ್ವರ್ಷ ನನ್ನ ಟೇಬಲ್‌ಗೆ ಒಂದು ಲಿನಕ್ಸ್ ಮಷೀನ್ ಬಂದಿತ್ತು. ಡಿಸ್ಕ್‌ಗೂ ಬೋರ್ಡ್‌ಗೂ ನಡುವಿನ ಲಿಂಕ್ ಸ್ಪೀಡ್ 6 ಗಿಗಾಬಿಟ್‌ನಿಂದ 3ಕ್ಕೆ, ಅಲ್ಲಿಂದ 1.5ಕ್ಕೆ ಇಳಿದಿತ್ತು, ನಾನು ಬಿಚ್ಚಿಟ್ಟು ಓಡಿಸಿದ್ರೆ ಒಂದು ಎರರ್ ಇಲ್ಲ, ಅವ್ರ ಮನೇಗೆ ಹೋದ್ರೆ ಮತ್ತೆ ಶುರು. ಮೂರನೇ ಸಲ ತಂದಾಗ ಸೈಡ್ ಪ್ಯಾನಲ್ ಹಾಕಿ, ಸ್ಕ್ರೂ ಬಿಗಿದು ಓಡಿಸ್ದೆ. ಹತ್ತೇ ನಿಮಿಷಕ್ಕೆ ಲಿಂಕ್ ರೀಸೆಟ್! ಪ್ಯಾನಲ್ ಒತ್ತಿ ಸಾಟಾ ಕೇಬಲ್ (ಡಿಸ್ಕ್‌ನ ಡೇಟಾ ಕೇಬಲ್) ತಲೆ ವಾಲ್ತಿತ್ತು. ಬಾಗಿದ ತಲೆಯ ಕೇಬಲ್ ಹಾಕಿ ಕಳಿಸ್ದೆ, ಅಷ್ಟರೊಳಗೆ ಅವ್ರು ಎರಡು ಹೊಸ ಡಿಸ್ಕ್ ಕೊಂಡಿದ್ರು.

ಉಳಿದ ಪ್ರಶ್ನೆಗಳು.

ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸ್ಲಾ? ಸಾಯ್ತಿರೋ ಡಿಸ್ಕ್‌ನ ಮೂಲೆಮೂಲೆ ಓದಿಸಿ ಯಾಕ್ರೀ ಕೊಲ್ತೀರಾ, ಕಾಪಿ ಆದ್ಮೇಲೆ ಏನ್ ಬೇಕಾದ್ರೂ ಓಡಿಸ್ಕೊಳಿ.

ಲೋ ಲೆವೆಲ್ ಫಾರ್ಮ್ಯಾಟ್ ಮಾಡಿಸಿದ್ರೆ ಸರಿ ಹೋಗುತ್ತಾ? ಈಗಿನ ಡಿಸ್ಕ್‌ಗೆ ಅದು ಫ್ಯಾಕ್ಟರಿಯಲ್ಲಿ ಮಾತ್ರ, ನಿಮ್ ಹತ್ರ ದುಡ್ಡು ಇಸ್ಕೊಂಡು ಅವ್ರು ಮಾಡೋದು ಉದ್ದಕ್ಕೂ ಸೊನ್ನೆ ಬರೆಯೋದು.

ಫ್ರಿಜ್‌ನಲ್ಲಿ ಇಟ್ರೆ? ಮೊಸರು ಇಡಿ.

ಅದೇ ಮಾಡೆಲ್ ಡಿಸ್ಕ್‌ನ ಹಸಿರು ಬೋರ್ಡ್ ತಂದು ಕೂರಿಸ್ಲಾ? ಒಂದೊಂದು ಡಿಸ್ಕ್‌ದೂ ಅದರದ್ದೇ ಹೊಂದಾಣಿಕೆ ಲೆಕ್ಕ (ಕ್ಯಾಲಿಬ್ರೇಷನ್) ಆ ಬೋರ್ಡ್‌ನ ಚಿಪ್‌ನಲ್ಲಿ ಇರುತ್ತೆ, ಚಿಪ್ ವರ್ಗಾಯಿಸ್ದೆ ಬರೀ ಬೋರ್ಡ್ ಬದಲಿಸಿದ್ರೆ ಸಾಮಾನ್ಯವಾಗಿ ಕೆಲಸ ಆಗಲ್ಲ.

ಟಕ್ ಟಕ್ ಸದ್ದು ಬರ್ತಿದೆ? ಆಫ್ ಮಾಡಿ. “ಇನ್ನೊಂದ್ಸಲ ಆನ್ ಮಾಡಿ ನೋಡ್ಲಾ” ಅಂತ ಮಾತ್ರ ನನಗೆ ಬರೀಬೇಡಿ.